ದಾಳಿಂಬೆಯ ಕಾಳಿನಂಥ ಕಲ್ಲು



ನವೆಂಬರ್ 15ರಂದು ಧರ್ಮಸಭೆಯು ಮಹಾ ಸಂತ ಆಲ್ಬರ್ಟರ ಹಬ್ಬವನ್ನು ಆಚರಿಸುತ್ತದೆ. ಸಂತ ತೋಮಾಸ್ ಅಕ್ವಿನಾಸರ ಗುರುಗಳೆಂದು ನಾವು ಅವರನ್ನು ಬಲ್ಲೆವು. 1280ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ತೀರಿಕೊಂಡ ಈ ಡೊಮಿನಿಕನ್ ಸನ್ಯಾಸಿಯನ್ನು 1941ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ವಿಜ್ಞಾನಿಗಳ ಪಾಲಕ ಸಂತರೆಂದು ಘೋಷಿಸಿದರು. ಗಿಡ, ಹಕ್ಕಿ, ಲೋಹ ಯಾವುದನ್ನೂ ಅವರು ಕಡೆಗಣಿಸಿದವರಲ್ಲ. ಖನಿಜಗಳ ಬಗೆಗೆ ಗ್ರಂಥ ಬರೆಯಲು ಗಣಿಗಳಿದ್ದ ಊರುಗಳಿಗೆ ತಾವೇ ಹೋಗಿ ನೋಡಿ ಬಂದರು. ಆ ಗ್ರಂಥದಲ್ಲಿ ‘ಗ್ರನಾಟುಸ್’ ಎಂಬ ಕೆಂಪು ಹರಳಿಗೂ ಒಂದು ಜಾಗವಿದೆ. ಲತೀನ್ ಭಾಷೆಯಲ್ಲಿ ದಾಳಿಂಬೆಗಿರುವ ಹೆಸರಿನಿಂದ ಬಂದ ಮಾತು ಅದು. ಬಿಡಿಸಿದ ದಾಳಿಂಬೆಯ ಕಾಳನ್ನು ಬೆಳಕಿಗೆ ಹಿಡಿದು ನೋಡಿದರೆ ಈ ಹೆಸರು ಏಕೆಂದು ಯಾರೂ ಕೇಳುವುದಿಲ್ಲ. ಇಂದು ನಾವು ಅದನ್ನು ಗಾರ್ನೆಟ್ ಎನ್ನುತ್ತೇವೆ.

ಹಬ್ಬದ ದಿನ ಕಲ್ಲಿನ ಮಾತೇಕೆ? ಕಾರಣ ನಮ್ಮ ಮನೆಗಳಲ್ಲೇ ಇದೆ. ಮಗನಿಗೆ ಕೆಲಸ ಸಿಗುವುದಿಲ್ಲ, ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ. ‘ರಾಹುವಿನ ಕಾಟ, ಗೋಮೇಧಿಕ ಹಾಕಿಸಿ’ ಎಂದು ಪಕ್ಕದವರು ಹೇಳುತ್ತಾರೆ. ಸಾಲ ಮಾಡಿ ಉಂಗುರ ಮಾಡಿಸಿ, ಗುರುಮನೆಗೆ ತಂದು ‘ಮಂತ್ರಿಸಿ ಕೊಡಿ ಫಾದರ್’ ಎನ್ನುವ ತಾಯಂದಿರೂ ಇದ್ದಾರೆ. ಅವರ ಕಣ್ಣೀರು ನಿಜವಾದದ್ದು. ಅದನ್ನು ನಗೆಯಾಡುವ ಹಕ್ಕು ನಮಗಿಲ್ಲ. ಆದರೆ ಆ ಉಂಗುರದಲ್ಲಿರುವುದು ಏನೆಂದು ತಿಳಿಯುವುದು ಒಳ್ಳೆಯದು. ಗೋಮೇಧಿಕವೂ ಗಾರ್ನೆಟ್ ಕುಲದ್ದೇ.

ಗಾರ್ನೆಟ್ ಎಂದರೆ ಒಂದು ಕಲ್ಲಲ್ಲ, ಒಂದು ಕುಟುಂಬ. ಎಲ್ಲದರ ಒಳಗಟ್ಟೂ ಒಂದೇ. ಸಿಲಿಕಾನ್ ಮತ್ತು ಆಮ್ಲಜನಕದ ಚೌಕಟ್ಟು. ಅದರೊಳಗೆ ಸೇರುವ ಲೋಹಗಳು ಮಾತ್ರ ಬೇರೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿದರೆ ಕಡುಗೆಂಪಿನ ಆಲ್ಮಂಡೈನ್. ನಮ್ಮ ರಾಜಸ್ಥಾನದಲ್ಲಿ ಸಿಗುವುದು ಹೆಚ್ಚಾಗಿ ಇದೇ. ಮೆಗ್ನೀಸಿಯಂ ಸೇರಿದರೆ ಪೈರೋಪ್. ಬೊಹೇಮಿಯಾದ ಹೆಸರಾಂತ ಕೆಂಪು ಹರಳು ಇದು. ನಾವು ಬಾಲಯೇಸುವಿನ ಸ್ವರೂಪದಿಂದ ಬಲ್ಲ ಪ್ರಾಗ್ ನಗರ ಇರುವುದೂ ಆ ನಾಡಿನಲ್ಲೇ. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಕೂಡಿದರೆ ಗ್ರಾಸ್ಯುಲರ್. ಜೇನುಬಣ್ಣದ ಗೋಮೇಧಿಕ ಇದರಲ್ಲೊಂದು. 1967ರಲ್ಲಿ ಟಾಂಜಾನಿಯಾದಲ್ಲಿ ಕಂಡುಬಂದ ಹಚ್ಚಹಸಿರು ಹರಳೂ ಇದರದೇ ಒಡಹುಟ್ಟು. ಭೂಮಿಯೊಳಗಿನ ಬಿಸಿ ಮತ್ತು ಒತ್ತಡದಲ್ಲಿ ಕಲ್ಲೇ ಮಾರ್ಪಟ್ಟು ಈ ಹರಳುಗಳು ಹುಟ್ಟುತ್ತವೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಹಳೆಯ ಶಿಲೆಗಳಲ್ಲೂ ಇವೆ. ವೇಳಾಂಕಣ್ಣಿ ಯಾತ್ರೆ ಮುಗಿಸಿ ಕನ್ಯಾಕುಮಾರಿಗೆ ಹೋದವರು ಅಲ್ಲಿನ ಕೆಂಪು ಮರಳನ್ನು ಕಂಡಿರಬಹುದು; ಆ ಕೆಂಪು ಗಾರ್ನೆಟ್ ಕಣಗಳದ್ದು. ಅಂಥ ಕಣಗಳನ್ನು ಕಾಗದಕ್ಕೆ ಅಂಟಿಸಿ ಬಡಗಿಗಳು ಮರ ಉಜ್ಜುವುದೂ ಉಂಟು.

ಗಟ್ಟಿತನದ ಅಳತೆಯಲ್ಲಿ ವಜ್ರಕ್ಕೆ 10, ಮಾಣಿಕ್ಯಕ್ಕೆ 9, ಗಾರ್ನೆಟ್‌ಗೆ ಆರೂವರೆಯಿಂದ ಏಳೂವರೆ. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಒಡೆಯುತ್ತದೆ, ಗಾರ್ನೆಟ್‌ನಲ್ಲಿ ಸಾಮಾನ್ಯವಾಗಿ ಒಂದಾಗಿಯೇ ಸಾಗುತ್ತದೆ. ಹರಳು ಪರೀಕ್ಷಿಸುವವರು ಇದರಿಂದಲೇ ಎರಡನ್ನೂ ಬೇರ್ಪಡಿಸುತ್ತಾರೆ. ಗಣಿಯಿಂದ ಬರುವಾಗಲೇ ಅದಕ್ಕೆ ಹಲವು ಬಾರಿ ಹನ್ನೆರಡು ಮುಖಗಳಿರುತ್ತವೆ. ಆರೋನನ ಎದೆಪದಕದಲ್ಲೂ ಕಲ್ಲುಗಳು ಹನ್ನೆರಡು. ಆದರೆ ಇದರಲ್ಲಿ ಗುಟ್ಟು ಹುಡುಕಲು ಹೋಗುವುದು ಬೇಡ.

ಗೋಮೇಧಿಕಕ್ಕೆ ಯುರೋಪಿನಲ್ಲಿ ‘ಹೆಸ್ಸೊನೈಟ್’ ಎಂದು ಹೆಸರಿಟ್ಟವರು ಫ್ರಾನ್ಸಿನ ಒಬ್ಬ ಕಥೋಲಿಕ ಗುರು, ರೆನೆ ಜುಸ್ಟ್ ಹೌಯಿ. ಹರಳುಗಳ ರಚನಾಶಾಸ್ತ್ರಕ್ಕೆ ತಳಹದಿ ಹಾಕಿದ ಇವರು, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸರ್ಕಾರ ಕೇಳಿದ ಪ್ರಮಾಣ ಮಾಡದೆ 1792ರಲ್ಲಿ ಸೆರೆಮನೆ ಕಂಡವರು. ಆ ಗ್ರೀಕ್ ಹೆಸರಿನ ಅರ್ಥ ‘ಕಡಿಮೆಯದು’. ತನ್ನನ್ನು ಹೋಲುವ ಬೇರೆ ಹರಳುಗಳಿಗಿಂತ ಗಟ್ಟಿತನ, ತೂಕಗಳಲ್ಲಿ ಕಡಿಮೆ ಎಂದು. ರಾಹುವನ್ನು ತಡೆಯಲೆಂದು ನಾವು ಬೆರಳಿಗೇರಿಸುವುದು ಇದನ್ನೇ! ಜನವರಿಯಲ್ಲಿ ಹುಟ್ಟಿದವರಿಗೆ ಗಾರ್ನೆಟ್ ಎಂಬ ಈಗಿನ ಪಟ್ಟಿಯಾದರೂ 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಕೂತು ಗೊತ್ತುಮಾಡಿದ್ದು.

ಸಂತ ಆಲ್ಬರ್ಟರೇ ಈ ಹರಳು ಮನಸ್ಸಿಗೆ ಉಲ್ಲಾಸ ಕೊಡುತ್ತದೆಂಬ ಹಿಂದಿನವರ ಮಾತನ್ನು ಬರೆದಿಟ್ಟಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಬರೆದಿದ್ದಾರೆ, ನಿಜ. ಆ ಕಾಲದ ವೈದ್ಯರ ತಿಳಿವಳಿಕೆ ಅದು. ಅವರೂ ಅದನ್ನು ಮೀರಲಿಲ್ಲ. ಜಪಮಾಲೆ, ಪವಿತ್ರ ಪದಕ ಧರಿಸುತ್ತೇವಲ್ಲ, ಇದೂ ಹಾಗೆಯೇ ಅಲ್ಲವೇ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಪದಕ ನಮ್ಮನ್ನು ಪ್ರಾರ್ಥನೆಗೆ ಕರೆಯುತ್ತದೆ. ಪದಕದ ಲೋಹವೇ ಕಾಯುತ್ತದೆಂದು ನಂಬಿದರೆ ಅದೂ ಮೂಢನಂಬಿಕೆಯೇ. ಧರ್ಮಸಭೆಯ ಧರ್ಮೋಪದೇಶ ಗ್ರಂಥ 2111ನೇ ಕಲಮಿನಲ್ಲಿ ಇದನ್ನು ಎಚ್ಚರಿಸಿ, 2116 ಮತ್ತು 2117ರಲ್ಲಿ ಜ್ಯೋತಿಷ್ಯವನ್ನೂ ತಾಯಿತಗಳನ್ನೂ ತಳ್ಳಿಹಾಕುತ್ತದೆ. ಈಗಾಗಲೇ ಕೊಂಡ ಉಂಗುರವನ್ನು ಬಾವಿಗೆ ಎಸೆಯಬೇಕಾಗಿಲ್ಲ. ಚೆಂದಕ್ಕೆಂದು ಹಾಕಿಕೊಳ್ಳಿ. ತೆಗೆದರೆ ಕೇಡಾದೀತೆಂಬ ಭಯವಿದ್ದರೆ, ಅದೇ ಕಾರಣಕ್ಕೆ ಇವತ್ತೇ ತೆಗೆದಿಡಿ.

ಹಿಂದೆ ಕೆಂಪು ಹರಳುಗಳಿಗೆ ‘ಕಾರ್ಬುಂಕುಲುಸ್’, ಅಂದರೆ ಪುಟ್ಟ ಕೆಂಡ, ಎಂಬ ಹೆಸರಿತ್ತು. ಕತ್ತಲೆಯಲ್ಲಿ ತಾನೇ ಬೆಳಗುತ್ತದೆಂದು ಜನ ನಂಬಿದ್ದರು. ನೋವನ ನಾವೆಯೊಳಗೆ ರತ್ನವೇ ಹಗಲಿನಂತೆ ಬೆಳಕು ಕೊಟ್ಟಿತೆಂದು ಯೆಹೂದ್ಯ ಪಂಡಿತರ ಕಥೆಯೂ ಇದೆ. ವಾಸ್ತವದಲ್ಲಿ ಗಾರ್ನೆಟ್ ಕತ್ತಲೆಯಲ್ಲಿ ಕಪ್ಪು ಕಲ್ಲು. ಐದರಿಂದ ಏಳನೇ ಶತಮಾನದ ಯುರೋಪಿನ ಅಕ್ಕಸಾಲಿಗರು ಇದನ್ನು ಚೆನ್ನಾಗಿ ಬಲ್ಲರು. ಭಾರತದಿಂದಲೂ ಶ್ರೀಲಂಕಾದಿಂದಲೂ ಹೋದ ಗಾರ್ನೆಟ್‌ಗಳನ್ನು ತೆಳುವಾಗಿ ಸೀಳಿ, ಚಿನ್ನದ ಪುಟ್ಟ ಮನೆಗಳಲ್ಲಿ ಕೂರಿಸುವ ಮೊದಲು, ಹಿಂದೆ ಗೆರೆ ಮೂಡಿಸಿದ ಚಿನ್ನದ ತಗಡನ್ನು ಇಡುತ್ತಿದ್ದರು. ಹೊರಗಿನ ಬೆಳಕು ಕಲ್ಲನ್ನು ದಾಟಿ ತಗಡಿಗೆ ತಾಗಿ ಮರಳಿದಾಗಲೇ ಹರಳು ಕೆಂಡವಾಗುತ್ತಿತ್ತು.

687ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಬಿಷಪ್ ಸಂತ ಕತ್ಬರ್ಟರ ಶವಪೆಟ್ಟಿಗೆಯನ್ನು 1827ರಲ್ಲಿ ಡರಮ್ ಪ್ರಧಾನಾಲಯದಲ್ಲಿ ತೆರೆದಾಗ, ವಸ್ತ್ರಗಳ ಮಡಿಕೆಯೊಳಗೆ ಚಿನ್ನದ ಎದೆಶಿಲುಬೆಯೊಂದು ಸಿಕ್ಕಿತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನಡುವೆ ಒಂದು ಗಾರ್ನೆಟ್, ನಾಲ್ಕು ತೋಳುಗಳಿಗೂ ಸಾಲಾಗಿ ಪುಟ್ಟ ಪುಟ್ಟ ಗಾರ್ನೆಟ್‌ಗಳು. ಅಷ್ಟು ಹರಳು ಜಡಿದಿದ್ದರೂ ಆ ಶಿಲುಬೆ ಮುರಿಯದೆ ಉಳಿದಿರಲಿಲ್ಲ. ಅದರ ಮೇಲೆ ರಿಪೇರಿ ಮಾಡಿದ ಗುರುತುಗಳು ಇಂದಿಗೂ ಕಾಣುತ್ತವೆ.