ಪಾರುಪತ್ಯಗಾರ ಕ್ರಿಯಾಪದವಾದ ಕಥೆ

ಸ್ಯಾಂಡ್‌ವಿಚ್ ಒಬ್ಬ ಅರ್ಲ್‌ನ ಬಿರುದು, ಕಾರ್ಡಿಗನ್ ಇನ್ನೊಬ್ಬನದು. ಒಬ್ಬ ತಿಂಡಿಗೆ, ಇನ್ನೊಬ್ಬ ಉಣ್ಣೆಯಂಗಿಗೆ ಹೆಸರು ಕೊಟ್ಟು ಆರಾಮಾಗಿ ಉಳಿದುಕೊಂಡರು. ಕ್ಯಾಪ್ಟನ್ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್‌ನ ಹಣೆಯಲ್ಲಿ ಅಂಥ ಭಾಗ್ಯ ಬರೆದಿರಲಿಲ್ಲ. ಸಿನಿಮಾ ಬಂದರೂ ಚುನಾವಣೆ ಬಂದರೂ ನಮ್ಮ ಜಾಲತಾಣಗಳಲ್ಲಿ ಮೊಳಗುವ ‘ಬಾಯ್ಕಾಟ್’ ಈ ಮಹಾಶಯನ ಮನೆತನದ ಹೆಸರು.

ಐರ್ಲೆಂಡಿನ ಪಶ್ಚಿಮದ ಮೇಯೊ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಧಣಿಯ ಜಮೀನಿತ್ತು. ಗೇಣಿ ವಸೂಲಿಗೆ ಬಾಯ್ಕಾಟ್ ಪಾರುಪತ್ಯಗಾರ. 1879ರಲ್ಲಿ ಬೆಳೆ ಕೈಕೊಟ್ಟಿತು. ಗೇಣಿಯಲ್ಲಿ ಕಾಲು ಭಾಗ ಬಿಡಿ ಎಂದು ಒಕ್ಕಲುಗಳು ಕೇಳಿದರು; ಧಣಿ ಜಗ್ಗಿದ್ದು ಶೇ 10ಕ್ಕೆ ಮಾತ್ರ. 1880ರ ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟಿಸುಗಳು ಹೊರಟವು.

ಅದೇ ತಿಂಗಳು ಐರಿಶ್ ನಾಯಕ ಚಾರ್ಲ್ಸ್ ಪಾರ್ನೆಲ್ ಎನಿಸ್ ಪಟ್ಟಣದ ಸಭೆಯಲ್ಲಿ ಹೊಸ ದಾರಿ ತೋರಿಸಿದ್ದ: ಎಬ್ಬಿಸಿದ ರೈತನ ಹೊಲ ಹಿಡಿದವನ ಮೇಲೆ ಕೈಮಾಡುವುದು ಬೇಡ, ಅವನೊಡನೆ ವ್ಯವಹಾರ ಬಿಡಿ, ಮಾತೂ ಬಿಡಿ. ಮೇಯೊದ ಜನ ಆ ಅಸ್ತ್ರವನ್ನು ಪಾರುಪತ್ಯಗಾರನ ಮೇಲೇ ಬಿಟ್ಟರು. ಆಳುಗಳು ಹೊಲ ಬಿಟ್ಟು ಹೋದರು. ಅಂಗಡಿಯವನು ಸಾಮಾನು ಕೊಡಲಿಲ್ಲ, ಕಮ್ಮಾರ ಲಾಳ ಕಟ್ಟಲಿಲ್ಲ, ಮಡಿ ಮಾಡುವವಳು ಬಟ್ಟೆ ಮುಟ್ಟಲಿಲ್ಲ. ಊರೊಳಗೇ ಇದ್ದು ಊರಿಗೆ ಹೊರಗಾದ ಬಾಯ್ಕಾಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಗೋಳು ಬರೆದುಕೊಂಡ.

ಪತ್ರ ಅಚ್ಚಾದ ಮೇಲೆ ನಡೆದದ್ದು ಪ್ರಹಸನ. ಉತ್ತರದ ಅಲ್ಸ್ಟರ್ ಸೀಮೆಯಿಂದ ಸುಮಾರು 50 ಮಂದಿ ಸ್ವಯಂಸೇವಕರು ಕೊಯ್ಲಿಗೆ ಬಂದರು. ಅವರ ಕಾವಲಿಗೆ ಸೈನಿಕರು, ಪೊಲೀಸರು ನೂರಾರು. ನವೆಂಬರಿನ ಮಳೆಯಲ್ಲಿ ಆಲೂಗಡ್ಡೆ, ಟರ್ನಿಪ್ ಕಿತ್ತದ್ದೇ ಕಿತ್ತದ್ದು. ಸುಮಾರು 500 ಪೌಂಡಿನ ಫಸಲು ಉಳಿಸಲು 10,000 ಪೌಂಡ್ ಖರ್ಚಾಯಿತೆಂಬುದು ಆ ಕಾಲದ ಅಂದಾಜು. ಒಂದೊಂದು ಟರ್ನಿಪ್ ಗೆಡ್ಡೆಗೂ ಸರ್ಕಾರ ಒಂದೊಂದು ಶಿಲ್ಲಿಂಗ್ ತೆತ್ತಿತೆಂದು ಪಾರ್ನೆಲ್ ಕುಟುಕಿದ.

ಪದ ಹುಟ್ಟಿದ್ದು ಇದೇ ಗಲಾಟೆಯ ನಡುವೆ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಈ ಶಿಕ್ಷೆಗೊಂದು ಹೆಸರು ಹುಡುಕುತ್ತಿದ್ದ. ‘ಆಸ್ಟ್ರಸೈಸ್’ ಎಂಬ ಗ್ರೀಕ್ ಮೂಲದ ಪದವೇನೋ ಸಿದ್ಧವಿತ್ತು. ಅದು ನಮ್ಮ ರೈತರ ನಾಲಿಗೆಗೆ ಹತ್ತುವುದಿಲ್ಲ, ‘ಬಾಯ್ಕಾಟ್ ಮಾಡು’ ಎಂದರಾಗದೇ ಎಂದು ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ ಸೂಚಿಸಿದರೆಂದು ರೆಡ್‌ಪಾತ್ ಬರೆದಿದ್ದಾನೆ. ನಿಘಂಟುಕಾರರ ಅಪ್ಪಣೆಗೆ ಯಾರೂ ಕಾಯಲಿಲ್ಲ. ನವೆಂಬರ್ ಮುಗಿಯುವುದರೊಳಗೆ ‘ಟೈಮ್ಸ್’ ಕೂಡ ಅದನ್ನು ಬಳಸಿತು. ಬೇಗನೆ ಫ್ರೆಂಚರು, ಜರ್ಮನ್ನರೂ ತಮ್ಮದಾಗಿಸಿಕೊಂಡರು.

ಡಿಸೆಂಬರಿನ ಹೊತ್ತಿಗೆ ಬಾಯ್ಕಾಟ್ ಕುಟುಂಬ ಐರ್ಲೆಂಡ್ ಬಿಟ್ಟಿತ್ತು. ಮರುವರ್ಷ ಅಮೆರಿಕಕ್ಕೆ ಹಡಗು ಹತ್ತುವಾಗ ಆತ ಕೊಟ್ಟ ಹೆಸರು ಬರೀ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್. ಆದರೂ ನ್ಯೂಯಾರ್ಕಿನ ಪತ್ರಿಕೆಗಳಿಗೆ ವಾಸನೆ ಬಡಿಯದೆ ಇರಲಿಲ್ಲ.