ಉಳ್ಳಾಗಡ್ಡಿಯೂ ಒಣಗಾಳಿಯೂ

ದಸರೆಯ ದಿನಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ಹೊಲಗಳಲ್ಲಿ, ಕಿತ್ತ ಉಳ್ಳಾಗಡ್ಡಿಯನ್ನು ಸಾಲುಸಾಲಾಗಿ ಮಲಗಿಸಿರುವುದನ್ನು ನಾವು ಕಾಣಬಹುದು. ಒಂದು ಸಾಲಿನ ಎಲೆ ಹಿಂದಿನ ಸಾಲಿನ ಗಡ್ಡೆಗಳ ಮೇಲೆ ಬೀಳುವಂತೆ ಹಾಸುವುದು ಕ್ರಮ. ಗಡ್ಡೆಗೆ ನೆರಳು, ಕತ್ತಿಗೆ ಗಾಳಿ! ಇದೇಕೆ?

ಈರುಳ್ಳಿ ಎಂದೂ ಕರೆಯುವ ಈ ಗಡ್ಡೆ ಬೇರಲ್ಲ. ಎಲೆಗಳ ಬುಡಗಳೇ ಉಬ್ಬಿ ಪದರಗಳಾಗಿವೆ. ಅದರ ತೂಕದಲ್ಲಿ ನೂರಕ್ಕೆ ೮೫ಕ್ಕೂ ಹೆಚ್ಚು ಪಾಲು ನೀರು. ಈ ನೀರನ್ನೆಲ್ಲ ಒಣಗಿಸಬೇಕಾಗಿಲ್ಲ. ಕತ್ತೂ ಹೊರಗಿನ ಒಂದೆರಡು ಪದರಗಳೂ ಒಣಗಿದರೆ ಸಾಕು. ಒಣಸಿಪ್ಪೆಯು ಒಳಗಿನ ನೀರನ್ನು ಸುಲಭವಾಗಿ ಹೊರಬಿಡದು. ಮುಚ್ಚಿಕೊಂಡ ಕತ್ತು ಬೂಷ್ಟನ್ನು ಒಳಬಿಡದು. ಗಡ್ಡೆಯ ರಸ ಉಳಿಯಬೇಕಾದರೆ ಹೊರಮೈ ಒಣಗಬೇಕು.

ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಉಷ್ಣ ಬೇಕು. ಉಷ್ಣವೊಂದೇ ಸಾಲದು, ಆವಿಗೆ ಗಾಳಿಯಲ್ಲಿ ಎಡೆಯೂ ಇರಬೇಕು. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ೧೭ ಗ್ರಾಮ್ ಆವಿಯನ್ನು ಹಿಡಿಯಬಲ್ಲದು; ೩೦ ಡಿಗ್ರಿಯಲ್ಲಿ ಸುಮಾರು ೩೦ ಗ್ರಾಮ್. ಬೆಳಗಿನ ಮಂಜಿನಲ್ಲಿ ಆವಿಯಿಂದ ತುಂಬಿದ್ದ ಗಾಳಿಯೇ ಮಧ್ಯಾಹ್ನ ಕಾದಾಗ, ಒಂದು ಹನಿಯನ್ನೂ ಕಳೆದುಕೊಳ್ಳದೆ, ಅರೆಬರೆ ಬರಿದಾಗುತ್ತದೆ. ಆಗ ಅದು ಕತ್ತಿನ ನೀರನ್ನು ಹೀರುತ್ತದೆ. ಮೋಡ ಕವಿದ ದಿನ ಗಾಳಿ ಕಾಯದು; ಕತ್ತೂ ಒಣಗದು.

ಈ ಸೀಮೆಯ ಕಷ್ಟ ಇಲ್ಲಿಯೇ ಇದೆ. ಮುಂಗಾರಿನ ಬೆಳೆ ಬಲಿಯುವುದು ಉತ್ತರೆ, ಹಸ್ತ, ಚಿತ್ತೆಯ ಮಳೆಗಳ ನಡುವೆ. ಅರ್ಧದಷ್ಟು ಎಲೆಗಳು ಬಾಗಿ ಬಿದ್ದಾಗ ಕೀಳಬೇಕು, ಅದಕ್ಕೆ ಮೊದಲೇ ನೀರು ನಿಲ್ಲಿಸಬೇಕು ಎನ್ನುತ್ತಾರೆ. ಬಾವಿಯ ನೀರನ್ನು ನಿಲ್ಲಿಸಬಹುದು, ಮಳೆಯನ್ನು ನಿಲ್ಲಿಸುವವರಾರು? ಹುನಗುಂದದ ಎರೆಮಣ್ಣು ಬಿದ್ದ ನೀರನ್ನು ಬೇಗ ಬಿಟ್ಟುಕೊಡುವುದೂ ಇಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನವರೆಗೆ ನುಗ್ಗಿತು. ಅದೇ ವರ್ಷ ದೇಶದ ಹಲವೆಡೆ ಮಳೆಯಿಂದ ಉಳ್ಳಾಗಡ್ಡಿ ಹಾಳಾಗಿ ಬೆಲೆ ಏರಿ, ಸೆಪ್ಟೆಂಬರ್ ೨೯ರಂದು ಕೇಂದ್ರ ಸರ್ಕಾರ ರಫ್ತನ್ನು ನಿಷೇಧಿಸಿತು. ಬೆಲೆ ಏರಿದರೂ ಕೊಳೆತ ಗಡ್ಡೆಯ ಒಡೆಯನಿಗೆ ದಕ್ಕುವುದೇನು?

ಕಿತ್ತ ಮೇಲೂ ಗಡ್ಡೆ ಜೀವಂತವಾಗಿದೆ. ಅದು ಉಸಿರಾಡುತ್ತ ತನ್ನ ಸಕ್ಕರೆಯನ್ನು ವ್ಯಯಿಸಿ, ಇಂಗಾಲಾಮ್ಲ, ನೀರಾವಿ, ಉಷ್ಣಗಳನ್ನು ಹೊರಬಿಡುತ್ತದೆ. ಹತ್ತು ಡಿಗ್ರಿ ಏರಿದರೆ ಉಸಿರಾಟ ಸರಿಸುಮಾರು ಎರಡು ಪಟ್ಟಾಗುತ್ತದೆ. ಹಸಿ ಗಡ್ಡೆಗಳನ್ನು ಚೀಲಗಳಲ್ಲಿ ಬಿಗಿದು ಲಾರಿಯಲ್ಲಿ ಒಟ್ಟಿದರೆ ನಡುವಿನ ಚೀಲಗಳು ತಾವಾಗಿಯೇ ಬಿಸಿಯೇರುತ್ತವೆ. ರೈತರು ಅವಸರದಿಂದ ಹಸಿಯಾಗಿಯೇ ಮಾರುವುದು ಅಜ್ಞಾನದಿಂದಲ್ಲವೆಂದು ನಮ್ಮ ಅಭಿಪ್ರಾಯ. ಕಾದು ಕೂಡಲು ಸೂರೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ.

ನೆಲದಿಂದ ಎತ್ತರಿಸಿ, ಸಂದುಬಿಟ್ಟ ಬಿದಿರಿನ ತಳವನ್ನು ಹಾಕಿದ ಗಾಳಿಯಾಡುವ ಚಪ್ಪರವಿದ್ದರೆ ಕೊಳೆ ಎಷ್ಟೋ ತಗ್ಗುತ್ತದೆ. ಬರಿಯ ತಂಪನ್ನು ನಂಬಬಾರದು. ೧೦ರಿಂದ ೨೦ ಡಿಗ್ರಿಯಲ್ಲಿ ಗಡ್ಡೆ ಬೇಗ ಮೊಳೆಯುತ್ತದೆ. ಸೊನ್ನೆಯ ಸಮೀಪವಾದರೂ ಇಡಬೇಕು, ಇಲ್ಲವೆ ೨೫ರಿಂದ ೩೦ ಡಿಗ್ರಿಯಲ್ಲಿ ಗಾಳಿಗೆ ಬಿಡಬೇಕು.