ಹಳೆಯ ವಾಹನದ ರೋಗನಿದಾನ

ಮೈಸೂರಿನ ಕೆಸರೆಯಂತಹ ಬಡಾವಣೆಗಳಲ್ಲಿ ಎಷ್ಟೋ ಸಂಸಾರಗಳ ಜೀವನೋಪಾಯವು ಒಂದು ಹಳೆಯ ಪಿಕಪ್ ವಾಹನವನ್ನು ಅವಲಂಬಿಸಿರುತ್ತದೆ. ನಸುಕಿನಲ್ಲಿ ತರಕಾರಿಯನ್ನು ಬಂಡೀಪಾಳ್ಯದ ಮಾರುಕಟ್ಟೆಗೆ ಒಯ್ಯಬೇಕಾದ ಗಾಡಿ ಹೊರಡದೆ ನಿಂತರೆ ಆ ದಿನದ ಬಾಡಿಗೆ ಹೋದಂತೆಯೇ. ಗಾಬರಿಗೊಂಡ ಮಾಲೀಕನು ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿಯನ್ನು ಹಾಕಿಸುತ್ತಾನೆ. ನಾಲ್ಕು ದಿನ ಕಳೆಯುವುದರೊಳಗೆ ಹಳೆಯ ತೊಂದರೆಯೇ ಮರುಕಳಿಸುತ್ತದೆ. ರೋಗವಿದ್ದ ಸ್ಥಳ ಒಂದು, ಮದ್ದು ಹಾಕಿದ ಸ್ಥಳ ಇನ್ನೊಂದು! ದೋಷದ ಸ್ಥಾನವನ್ನು ಮೊದಲು ನಿರ್ಣಯಿಸಿ ಅನಂತರ ದುರಸ್ತಿಗೆ ಕೈಹಾಕುವುದೇ ಸರಿಯಾದ ಕ್ರಮ. ಇದಕ್ಕೆ ಬೇಕಾದ ನಿಯಮಗಳೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿಯೇ ಇವೆ.

ದೀಪ ಉರಿಯುತ್ತದೆ, ಎಂಜಿನ್ ತಿರುಗುವುದಿಲ್ಲ

ಕೀಲಿಯನ್ನು ತಿರುಗಿಸಿದಾಗ ‘ಕಟಕ್’ ಎಂಬ ಸದ್ದು ಮಾತ್ರ ಕೇಳಿಸುತ್ತದೆ. ‘ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’ ಎನ್ನುತ್ತಾನೆ ಚಾಲಕ. ಆದರೆ ಮುಂದಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿರುತ್ತವೆ. ಬ್ಯಾಟರಿಯಲ್ಲಿ ಶಕ್ತಿಯಿಲ್ಲದಿದ್ದರೆ ದೀಪ ಉರಿಯುವುದೆಂತು? ಇದ್ದರೆ ಸ್ಟಾರ್ಟರು ತಿರುಗದಿರುವುದೇಕೆ?

ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವು ಇದಕ್ಕೆ ಉತ್ತರ ಕೊಡುತ್ತದೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ರೋಧದಲ್ಲಿ ನಷ್ಟವಾಗುವ ವೋಲ್ಟೇಜು ದೊರೆಯುತ್ತದೆಯಷ್ಟೆ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.01 ಓಮ್ ರೋಧವಿದೆಯೆಂದು ಭಾವಿಸೋಣ. ಎರಡು ದೀಪಗಳಿಗೆ ಬೇಕಾದ ಪ್ರವಾಹ ಸುಮಾರು 10 ಆಂಪೇರ್. ಆಗಿನ ನಷ್ಟ ಕೇವಲ 0.1 ವೋಲ್ಟ್. ಅದು ಕಣ್ಣಿಗೆ ಕಾಣಿಸುವುದೇ ಇಲ್ಲ. ಡೀಸೆಲ್ ಎಂಜಿನ್ನಿನ ಸ್ಟಾರ್ಟರಿಗಾದರೋ 200 ಆಂಪೇರ್ ಅಥವಾ ಇನ್ನೂ ಹೆಚ್ಚಿನ ಪ್ರವಾಹ ಬೇಕು. ಆಗ ಅದೇ ಜೋಡಣೆಯಲ್ಲಿ 2 ವೋಲ್ಟ್ ನಷ್ಟವಾಗುವುದಲ್ಲದೆ 400 ವಾಟ್ ಸಾಮರ್ಥ್ಯವು ಶಾಖವಾಗಿ ವ್ಯರ್ಥವಾಗುತ್ತದೆ. ಆದುದರಿಂದ ದೀಪ ಉರಿಯಿತೆಂಬ ಮಾತ್ರಕ್ಕೆ ವಿದ್ಯುನ್ಮಾರ್ಗವು ನಿರ್ದೋಷವೆಂದು ಹೇಳಲಾಗದು.

ದೀಪಗಳನ್ನು ಉರಿಸಿಕೊಂಡೇ ಕೀಲಿಯನ್ನು ತಿರುಗಿಸಿ ನೋಡಬೇಕು. ಅವು ತೀರ ಮಂಕಾದರೆ ದೋಷವು ಬ್ಯಾಟರಿಯಲ್ಲಿ ಅಥವಾ ಅದರ ಧ್ರುವಗಳ ಹಿಡಿಕೆಗಳಲ್ಲಿದೆ. ಏಕೆಂದರೆ ದೀಪಕ್ಕೂ ಸ್ಟಾರ್ಟರಿಗೂ ಅದೇ ಸಾಮಾನ್ಯವಾದ ಮಾರ್ಗ. ದೀಪಗಳು ಮಂಕಾಗದಿದ್ದರೆ ದೋಷವು ಸ್ಟಾರ್ಟರಿನ ಕವಲಿನಲ್ಲಿದೆ. ಇದಾದ ಮೇಲೆ ಅಗ್ಗದ ವೋಲ್ಟ್‌ಮಾಪಕವೊಂದು ಸಾಕು. ವಿಶ್ರಾಂತಿಯಲ್ಲಿರುವ ಪೂರ್ಣಶಕ್ತಿಯ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅಂತಹ ಬ್ಯಾಟರಿಯೂ ಸ್ಟಾರ್ಟರು ತಿರುಗುವಾಗ ಸುಮಾರು 9.6 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ ಅದರ ಮೇಲೆ ಸಂದೇಹಪಡಬಹುದು. ಬಳಿಕ ಮಾಪಕದ ಒಂದು ತುದಿಯನ್ನು ಧ್ರುವಕ್ಕೂ ಮತ್ತೊಂದನ್ನು ಅದರ ಹಿಡಿಕೆಗೂ ತಾಗಿಸಿ, ಇನ್ನೊಬ್ಬರಿಂದ ಕೀಲಿಯನ್ನು ತಿರುಗಿಸಬೇಕು. ಅಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಅರ್ಧ ವೋಲ್ಟ್ ಕಂಡಿತೆಂದರೆ ಕಳ್ಳ ಸಿಕ್ಕಿದಂತೆಯೇ! ಋಣ ಧ್ರುವದ ತಂತಿಯನ್ನು ಮೊದಲು ಬಿಚ್ಚಿ, ಎರಡು ಹಿಡಿಕೆಗಳನ್ನೂ ಉಜ್ಜಿ ಶುಚಿಗೊಳಿಸಿ ಬಿಗಿಮಾಡಿದರೆ ರೋಗ ನಿವಾರಣೆಯಾಗುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುವುದರಿಂದ ಅದರ ಬಳಿ ಬೆಂಕಿಕಡ್ಡಿ ಗೀರಕೂಡದು.

ಇನ್ನೊಂದು ಅಡಗುತಾಣವಿದೆ. ಎಂಜಿನ್ನು ರಬ್ಬರಿನ ದಿಂಬುಗಳ ಮೇಲೆ ಕುಳಿತಿದೆ, ರಬ್ಬರು ಅವಾಹಕ. ಆದುದರಿಂದ ಎಂಜಿನ್ನಿನಿಂದ ಪ್ರವಾಹವು ಹಿಂದಿರುಗಲು ತಾಮ್ರದ ಹೆಣಿಗೆಯ ಪಟ್ಟಿಯೊಂದನ್ನು ಷಾಸಿಗೆ ಜೋಡಿಸಿರುತ್ತಾರೆ. ಅದು ಹರಿದಿದ್ದರೆ ಪ್ರವಾಹವು ವೇಗವರ್ಧಕದ ತೆಳುವಾದ ಉಕ್ಕಿನ ತಂತಿಯನ್ನೇ ಹಾದಿಯಾಗಿ ಹಿಡಿಯಬಹುದು. ಆ ತಂತಿ ಬಿಸಿಯಾಗುವುದು ಕಂಡುಬಂದರೆ ಈ ಪಟ್ಟಿಯನ್ನು ಪರೀಕ್ಷಿಸಬೇಕು.

ದ್ರವವಿರಬೇಕಾದೆಡೆ ಗಾಳಿ

ಸ್ಟಾರ್ಟರು ಚುರುಕಾಗಿ ತಿರುಗಿದರೂ ಎಂಜಿನ್ನು ಹೊತ್ತಿಕೊಳ್ಳದಿದ್ದರೆ ಇಂಧನದ ಕಡೆ ತಿರುಗೋಣ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿಯನ್ನೂ ಮೀರುವುದರಿಂದ, ಒಳಕ್ಕೆ ಚಿಮ್ಮಿದ ಇಂಧನವು ತಾನಾಗಿಯೇ ಉರಿಯುತ್ತದೆ. ಇಂಧನದ ಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಪಂಪಿನ ಒತ್ತಡವು ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ, ಇಂಧನ ಚಿಮ್ಮುವುದಿಲ್ಲ. ಇದನ್ನೇ ನಮ್ಮ ಮೆಕ್ಯಾನಿಕ್ಕುಗಳು ‘ಏರ್ ಹಿಡಿದಿದೆ’ ಎನ್ನುವುದು. ಶೋಧಕದ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೂ ಕೈಪಂಪನ್ನು ಒತ್ತುವುದೇ ಇದಕ್ಕೆ ಪರಿಹಾರ.

ಇದೇ ತತ್ತ್ವವು ಬ್ರೇಕಿನಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಚಾಮುಂಡಿ ಬೆಟ್ಟವು ಊರಿನಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಎರಡೂವರೆ ಟನ್ ತೂಕದ ಗಾಡಿ ಅಲ್ಲಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯು 20 ಡಿಗ್ರಿಯಲ್ಲಿರುವ 22 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು! ಬ್ರೇಕನ್ನೇ ನಂಬಿ ಇಳಿದರೆ ಇದರ ಬಹುಪಾಲು ಅಲ್ಲಿಯೇ ಶಾಖವಾಗುತ್ತದೆ. ಬ್ರೇಕಿನ ಎಣ್ಣೆಯು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಬಿಂದು ತಗ್ಗುತ್ತದೆ. ಎಣ್ಣೆ ಕುದಿದು ಆವಿಯಾದರೆ ಕಾಲಿನ ಒತ್ತಡವು ಆವಿಯನ್ನು ಕುಗ್ಗಿಸುತ್ತದೆಯೇ ಹೊರತು ಚಕ್ರಕ್ಕೆ ತಲಪುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರನ್ನು ಬಳಸಬೇಕು; ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಬದಲಾಯಿಸಬೇಕು. ಬ್ರೇಕಿನ ಪೆಡಲು ಮೆತ್ತಗಾಗಿರುವ ಗಾಡಿಯನ್ನು ರಸ್ತೆಗೆ ಇಳಿಸಲೇಕೂಡದು.

ಕುದಿಯುವ ರೇಡಿಯೇಟರು

ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗೆ ಹೆಚ್ಚಿನ ಒತ್ತಡವನ್ನು ತಡೆದಿಟ್ಟು ಕುದಿಬಿಂದುವನ್ನು 115 ಡಿಗ್ರಿಗೂ ಮೇಲಕ್ಕೆ ಏರಿಸಬಲ್ಲುದು. ಹತ್ತು ಇಪ್ಪತ್ತು ರೂಪಾಯಿನ ರಬ್ಬರು ಬಳೆ ಸವೆದರೂ ಈ ರಕ್ಷಣೆ ತಪ್ಪಿಹೋಗುತ್ತದೆ. ಎಂಜಿನ್ನು ಕಾದಿರುವಾಗ ಮುಚ್ಚಳವನ್ನು ತೆರೆದರೆ ಒತ್ತಡವು ಥಟ್ಟನೆ ಇಳಿದು ನೀರು ಉಕ್ಕಿ ಮುಖಕ್ಕೆ ಹಾರುತ್ತದೆ, ತಣಿಯುವವರೆಗೆ ಕಾಯಲೇಬೇಕು.

ಲಕ್ಷಣಗಳನ್ನು ಕೂಡಿಸಿ ಓದುವುದಕ್ಕೂ ಇಲ್ಲಿ ಒಳ್ಳೆಯ ನಿದರ್ಶನವಿದೆ. ಉಷ್ಣತೆ ಏರುತ್ತಿರುವಾಗಲೇ ಬ್ಯಾಟರಿಯ ಕೆಂಪು ದೀಪವೂ ಹತ್ತಿಕೊಂಡಿತೆನ್ನಿ. ಅವು ಎರಡು ರೋಗಗಳಲ್ಲ. ಅನೇಕ ಹಳೆಯ ಗಾಡಿಗಳಲ್ಲಿ ನೀರಿನ ಪಂಪನ್ನೂ ವಿದ್ಯುಜ್ಜನಕವನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಬೆಲ್ಟು ಹರಿದಿರಬೇಕು ಅಥವಾ ಸಡಿಲವಾಗಿರಬೇಕು. ಒಡನೆಯೇ ಗಾಡಿಯನ್ನು ನಿಲ್ಲಿಸದಿದ್ದರೆ ಎಂಜಿನ್ನಿಗೇ ಅಪಾಯ.

ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು. ಹಲವು ಲಕ್ಷಣಗಳಿಗೆ ಒಂದೇ ಕಾರಣವಿರಬಹುದು. ಒಂದೊಂದೇ ಪರೀಕ್ಷೆಯಿಂದ ನಿರ್ದೋಷವಾದ ಭಾಗಗಳನ್ನು ಬಿಡುತ್ತ ಹೋದರೆ ಕೊನೆಗೆ ಉಳಿಯುವುದೇ ದೋಷದ ಸ್ಥಾನ. ಪ್ರಯೋಗಶಾಲೆಯ ವೋಲ್ಟ್‌ಮಾಪಕವನ್ನು ಹಿಡಿಯಬಲ್ಲ ಯಾವ ವಿದ್ಯಾರ್ಥಿಯಾದರೂ ನೆರೆಮನೆಯ ಗಾಡಿಯ ಮುಂದೆ ನಿಂತು ಈ ಕೆಲಸವನ್ನು ಮಾಡಬಲ್ಲನು. ಹಾಗೆ ಮಾಡಿದಲ್ಲಿ ಬಡ ಮಾಲೀಕನೊಬ್ಬನಿಗೆ ಬೇಡದ ಬ್ಯಾಟರಿಯ ಬೆಲೆ ಉಳಿಯುತ್ತದೆ. ಓಮನ ನಿಯಮವೂ ಪರೀಕ್ಷೆ ಮುಗಿದೊಡನೆ ಮರೆತುಹೋಗುವುದಿಲ್ಲ.